ಅಮ್ಮ ಬೇಕಂತಲೇ ಕೆಡಿಸಿದ ಹೊಲಿಗೆ

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಬೋರ್ಡಿನ ಮೇಲೆ ಬ್ಲೌಸ್, ಚೂಡಿದಾರ, ಲಂಗ, ಫಾಲ್-ಪಿಕೋ ಎಂದು ಬರೆಸಿದ್ದೇನೆ. ಕಾಲರ್ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಅದಕ್ಕೊಂದು ಕಾರಣವಿದೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಕೆಲಸ ಕಲಿತದ್ದು ಸಿಂಧನೂರಿನಲ್ಲಿ, ಗಂಡಸರ ಬಟ್ಟೆ ಹೊಲಿಯುವ ಒಬ್ಬ ಉಸ್ತಾದರ ಕೈಕೆಳಗೆ. ಆ ಅಂಗಡಿಯಲ್ಲಿ ಹೊಸಬರು ಮೊದಲು ಕಾಜಾ ಮಾಡಬೇಕು, ಗುಂಡಿ ಹಚ್ಚಬೇಕು. ಕೈ ಕುದುರಿದರೆ ತೋಳು, ಆಮೇಲೆ ಜೇಬು. ಕಾಲರ್ ಮಾತ್ರ ಉಸ್ತಾದರದೇ. ಅದನ್ನು ಕತ್ತರಿಸುವಾಗ ಅವರು ನಮಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಯಾರಿಗೆ ಕಾಲರ್ ಕಲಿಸಬೇಕೆಂದು ಅವರ ಮನಸ್ಸಿಗೆ ಬರುತ್ತದೋ ಅವನು ಆ ದಿನ ಪೇಡೆ ತಂದು ಎಲ್ಲರಿಗೂ ಹಂಚಬೇಕು. ಅಂದಿನಿಂದ ಅವನು ಕಾರೀಗರ. ನಾನಿದ್ದ ಆರು ವರ್ಷಗಳಲ್ಲಿ ಐದು ಮಂದಿ ಪೇಡೆ ಹಂಚಿದರು. ಐದೂ ಸಲ ತಿಂದೆ. ಆರನೆಯ ಪೇಡೆ ನನ್ನದೇ ಇರಬೇಕು ಎಂದುಕೊಂಡು ಕೇಳಿಯೇಬಿಟ್ಟೆ.

"ಕಾಲರ್ ಗಂಡಸರ ಕೊಳ್ಳಿಗೆ, ಬೇಟಾ," ಎಂದರು ಉಸ್ತಾದರು, ಕತ್ತರಿಯಿಂದ ತಲೆ ಎತ್ತದೆ. "ನೀ ಬ್ಲೌಸ್ ಕಲಿ. ಅದಕ್ಕ ಕಾಲರ್ ಇರಂಗಿಲ್ಲ, ನಿನಗೂ ಚಿಂತಿ ಇರಂಗಿಲ್ಲ."

ಅಂದೇ ಅಂಗಡಿ ಬಿಟ್ಟೆ. ಬ್ಲೌಸನ್ನೇ ಕಲಿತೆ, ಹಟ ಹಿಡಿದು ಕಲಿತೆ. ಮಸ್ಕಿಗೆ ಬಂದು ನನ್ನದೇ ಅಂಗಡಿ ಹಾಕಿದೆ, ಒಂದು ಮಷೀನು ಎರಡಾಯಿತು. ಆದರೆ ಗಂಡಸರ ಶರ್ಟು ಹಿಡಿದು ಯಾರಾದರೂ ಬಂದರೆ, ಕೆಲಸ ಬಹಳ ಇದೆ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೆ.

ಒಂದು ಮಂಗಳವಾರ, ಬಿಸಿಲು ಏರುತ್ತಿದ್ದ ದಿನಗಳು, ಲಿಂಗಸುಗೂರಿನ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಮಸ್ಕಿ ಪಕ್ಕದ ಹಳ್ಳಿಯವಳು, ಕುರಿ ಸಾಕುವ ಮನೆಯವಳು. ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದಳು. ಪರದೇಶದ ಯಾರೋ ರಾಣಿ. ಕೊರಳ ಸುತ್ತ ಬೆಳ್ಳಗೆ, ದುಂಡಗೆ, ನೂರಾರು ಸುರುಳಿ ಮಡಿಕೆಗಳ ಏನೋ ಒಂದು ಸೆಟೆದು ನಿಂತಿತ್ತು.

"ಏನಿದು, ತಾಟಿನ ನಡುವ ತಲಿ ಇಟ್ಟಂಗೈತಿ?" ಎಂದೆ.

"ಕಾಲರ್ ರೀ ಅಕ್ಕಾರ. ಹಿಂದಕ ಅವರು ಹಾಕ್ಕೊಂತಿದ್ರಂತ. ನಮ್ಮ ಕಾಲೇಜಿನ ಗ್ಯಾದರಿಂಗಿಗೆ ಬೇಕು, ನಾಟಕಕ್ಕ."

ನಾಟಕ ಅವಳೇ ಬರೆದದ್ದು. ಕತೆ ಹೇಳಿದಳು. ಒಬ್ಬ ರಾಣಿ, ತನಗಿಂತ ದೊಡ್ಡ ಕಾಲರ್ ರಾಜ್ಯದಲ್ಲಿ ಯಾರಿಗೂ ಇರಬಾರದೆಂದು ದಿನದಿನಕ್ಕೂ ದೊಡ್ಡದು ಮಾಡಿಸಿಕೊಳ್ಳುತ್ತಾಳೆ. ಕೊನೆಗೆ ಅದೆಷ್ಟು ದೊಡ್ಡದಾಗುತ್ತದೆಂದರೆ ಅವಳಿಗೆ ತನ್ನ ಮುಂದಿನ ತಾಟೇ ಕಾಣುವುದಿಲ್ಲ. ಅಡಿಗೆಯವರು ಹೋಳಿಗೆ ತಾವು ತಿಂದು ಅವಳ ಬಾಯಿಗೆ ಅಂಬಲಿ ಹಾಕುತ್ತಾರೆ, ಅವಳು ಆಹಾ ಹೋಳಿಗೆ ಅನ್ನುತ್ತಾಳೆ. ನಾಟಕವೆಲ್ಲ ಆ ಕಾಲರಿನ ಮೇಲೇ ನಿಂತಿತ್ತು. ಅದು ಜೋತುಬಿದ್ದರೆ ತಾಟು ಕಂಡುಬಿಡುತ್ತದೆ, ನಾಟಕ ಅಲ್ಲಿಗೇ ಮುಗಿಯಿತು.

"ಶನಿವಾರ ಮಧ್ಯಾಹ್ನದೊಳಗ ಕಾಲರ್ ತೋರಸಬೇಕಂತ ನಮ್ಮ ಸರ್ ಹೇಳ್ಯಾರ್ರಿ. ಇಲ್ಲಾಂದ್ರ ನಮ್ಮ ಟೈಮು ಗ್ರೂಪ್ ಡ್ಯಾನ್ಸಿಗೆ ಹೋಗ್ತದ. ಡ್ಯಾನ್ಸಿನ ಹುಡುಗ್ಯಾರು ದಿನಾ ಕಿಟಕಿಗೆ ಬಂದು, ರಾಣಿಯವರ, ಕಾಲರ್ ಬಂತೇನ್ರಿ ಅಂತ ಕೇಳಾಕತ್ಯಾರ."

"ಸಿಂಧನೂರಾಗ ನಾಟಕದ ಡ್ರೆಸ್ ಬಾಡಿಗಿಗೆ ಕೊಡ್ತಾರಲ್ಲ?"

"ಹೋಗಿದ್ನಿರಿ. ದುರ್ಯೋಧನಂದು ಐದು ಅದಾವ, ಪೊಲೀಸಂದು ಬೇಕಾದಷ್ಟು ಅದಾವ, ಇಂಥ ರಾಣಿ ನಮ್ಮ ಕಡಿ ನಾಟಕದಾಗ ಬರಂಗಿಲ್ಲವ್ವ ಅಂದ್ರು. ಅಲ್ಲೇ ಒಂದು ದೊಡ್ಡ ಟೇಲರ್ ಅಂಗಡ್ಯಾಗೂ ಕೇಳಿದ್ನಿ. ಒಬ್ರು ಅಜ್ಜಾರು, ಬೆನ್ನ ತಿರುವಿ ಬಟ್ಟಿ ಕತ್ತರಸಾಕತ್ತಿದ್ರು. ಇದು ಕಾಲರ್ ಅಲ್ಲ, ಹುಚ್ಚಾಟ ಅಂದುಬಿಟ್ರು."

ಬೆನ್ನು ತಿರುಗಿಸಿ ಅಂದಳಲ್ಲ, ಸಾಕಾಯಿತು. ಯಾರೆಂದು ನಾನು ಕೇಳಲೇ ಇಲ್ಲ.

"ಶನಿವಾರ ಬೆಳಿಗ್ಗಿ ನಿನ್ನ ಕಾಲೇಜಿಗೇ ತಂದ್ಕೊಡ್ತೀನಿ, ಹೋಗು."

"ನಿಮಗ ಬರ್ತದೇನ್ರಿ?"

"ಎಡಗೈ ಕೆಲಸ."

ಅಂಗಡಿ ಇಡುವ ಹೆಣ್ಣುಮಕ್ಕಳಿಗೆ ನನ್ನ ಮಾತೊಂದಿದೆ. ಗಿರಾಕಿಗಳು, ಈ ಕೆಲಸ ಬರುತ್ತದೇನು ಎಂದು ಕೇಳಿದಾಗ ಬರುತ್ತದೆ ಎನ್ನಿ, ಹೇಗೆ ಎಂಬುದನ್ನು ಅವರು ಹೋದ ಮೇಲೆ ಯೋಚಿಸಿ. ಆದರೆ ಅಂದು ಅವಳು ಹೋದ ಮೇಲೆ ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ.

ಬುಧವಾರ ಬಟ್ಟೆಗೆಂದು ಸಿಂಧನೂರಿಗೆ ಹೋದೆ. ಬಟ್ಟೆ ಅಂಗಡಿಯಲ್ಲಿ ಬೇಕಾದದ್ದನ್ನು ಮೊದಲು ಮುಟ್ಟಬಾರದು. ಬೇಡದ್ದನ್ನು ನಾಲ್ಕು ಬಿಚ್ಚಿಸಿ, ಮುಖ ಸಿಂಡರಿಸಿ, ಏಳುವ ಹೊತ್ತಿಗೆ ಮೂಲೆಯಲ್ಲಿದ್ದದ್ದನ್ನು ಸುಮ್ಮನೆ ಎಂಬಂತೆ ಕೇಳಬೇಕು. ಹಾಗೆಯೇ ಜಾರ್ಜೆಟ್ ತೋರಿಸಿ ಎಂದೆ. ಅಂಗಡಿಯವರು ಗಾದಿಯಿಂದ ಅಲುಗಾಡಲಿಲ್ಲ.

"ಅಕ್ಕಾರ, ನೀವು ಜಾರ್ಜೆಟ್ ಕೇಳಿದ್ರಿ ಅಂದ್ರ ಜಾರ್ಜೆಟ್ ಬೇಕಾಗಿಲ್ಲ ಅಂತ ಅರ್ಥ. ಹತ್ತು ವರ್ಷ ಆತು, ನಾನೂ ಕಲ್ತೀನಿ. ಖರೇ ಏನ ಬೇಕು ಹೇಳ್ರಿ, ಇಬ್ಬರದೂ ಹೊತ್ತು ಉಳೀತದ."

ನಗು ಬಂತು. ತೆಳ್ಳನೆಯ ಬಿಳಿ ಮಲ್‌ಮಲ್ ಎರಡು ಮೀಟರ್ ಕೊಂಡೆ. ತುದಿಯ ತುಂಡನ್ನು ಮಾತ್ರ ಬಿಡದೆ ಪುಕ್ಕಟೆಯಾಗಿ ಮೇಲೆ ಹಾಕಿಸಿಕೊಂಡೆ, ಅಷ್ಟಾದರೂ ಆಗದಿದ್ದರೆ ನಾನು ಮಸ್ಕಿಗೆ ಯಾವ ಮುಖದಿಂದ ಹೋಗಲಿ?

ಅರ್ಧ ಬಟ್ಟೆಯನ್ನು ಐದು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೊಂದು ಕೂಡಿಸಿ, ಹತ್ತು ಮೀಟರಿಗೂ ಮೀರಿದ ಒಂದೇ ಪಟ್ಟಿ ಮಾಡಿದೆ. ಕಾಲರ್ ನಿಲ್ಲುವುದು ಒಳಗೆ ಅಂಟಿಸುವ ಗಟ್ಟಿ ಬಟ್ಟೆಯಿಂದ, ಬಕ್ರಮಿನಿಂದ ಎಂದು ಉಸ್ತಾದರ ಬೆನ್ನ ಹಿಂದೆ ನಿಂತೇ ತಿಳಿದುಕೊಂಡಿದ್ದೆ. ಹಾಗಾಗಿ ಬಕ್ರಮ್ ಅಂಟಿಸಿ ಇಸ್ತ್ರಿ ಹೊಡೆದೆ. ಪಟ್ಟಿ ತಗಡಿನ ಹಾಗಾಯಿತು. ಮಡಿಸಲು ಹೋದರೆ ಮಡಿಯದು, ಹೊಲಿಯಲು ಹೋದರೆ ಎರಡು ಸೂಜಿ ಮುರಿದವು. ಸಂಜೆಗೆ ನೋಡಿದರೆ ಊಟದ ಪತ್ರಾವಳಿಯನ್ನು ಯಾರೋ ತುಳಿದು ಹೋದಂತಿತ್ತು. ಉಳಿದಿದ್ದ ಬಟ್ಟೆಯಿಂದ ಗುರುವಾರ ಮತ್ತೆ ಪಟ್ಟಿ ಮಾಡಿ, ಬಕ್ರಮ್ ಬಿಟ್ಟು, ನೆರಿಗೆ ಹಿಡಿದು ಮಷೀನಿಗೆ ಕೊಟ್ಟೆ. ಇದು ನನ್ನ ಕೈಗೆ ಬರುವ ಕೆಲಸ, ಸಾವಿರ ಲಂಗಕ್ಕೆ ಹಿಡಿದಿದ್ದೇನೆ. ತಪ್ಪಾದದ್ದೂ ಅಲ್ಲಿಯೇ. ಸೀರೆಯ ನೆರಿಗೆಯಾಗಲಿ ಲಂಗದ ನೆರಿಗೆಯಾಗಲಿ ಒಂದೇ ಕಡೆಗೆ ಬೀಳಬೇಕು. ನನ್ನ ಬೆರಳು ಕೇಳದೆಯೇ ಎಲ್ಲವನ್ನೂ ಎಡಕ್ಕೆ ಬೀಳಿಸಿತ್ತು. ಅಂಗಡಿಯ ಗೊಂಬೆಯ ಕೊರಳಿಗೆ ಹಾಕಿದರೆ ಕಾಲರ್ ಫ್ಯಾನಿನ ರೆಕ್ಕೆಯಂತೆ ಒಂದೇ ಕಡೆ ತಿರುಗಿ ಭುಜದ ಮೇಲೆ ಮಲಗಿಬಿಟ್ಟಿತು.

ಅಷ್ಟರಲ್ಲಿ ಕಾಲೇಜು ಮುಗಿಸಿ ಬಸ್ಸಿಳಿದ ಹುಡುಗಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಗೊಂಬೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಚೊಲೋ ಐತ್ರಿ," ಎಂದಳು.

"ಸುಳ್ಳ ಹೇಳಬ್ಯಾಡ."

"ಆಗಲಿಲ್ಲಂದ್ರ ಬಿಡ್ರಿ ಅಕ್ಕಾರ. ಡ್ಯಾನ್ಸಿನವರು ನನ್ನೂ ಸೇರಿಸ್ಕೊಂತಾರಂತ. ಹಿಂದಿನ ಸಾಲಿನಾಗ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನಾನು ಕಾಲರಿನ ಕಡೆಗೆ ತಿರುಗಿ ಪಿನ್ನು ತೆಗೆಯುತ್ತ ಕುಳಿತೆ. ಅವಳು ಊರಿನ ದಾರಿ ಹಿಡಿದಳು.

ಶುಕ್ರವಾರ ನನ್ನ ಅಂಗಡಿಗೆ ರಜೆ. ಆ ದಿನ ತುರ್ವಿಹಾಳಕ್ಕೆ ಹೋಗಿ, ವಾರವಿಡೀ ಕೂಡಿದ ಕತ್ತರಿಕೆ ಚೂರುಗಳನ್ನು ಅಮ್ಮನಿಗೆ ಕೊಟ್ಟು ಬರುವುದು ರೂಢಿ. ಅಮ್ಮ ಅವುಗಳಿಂದ ಕೌದಿ ಹೊಲಿಯುತ್ತಾಳೆ. ಬಸ್‌ಸ್ಟ್ಯಾಂಡಿನ ಮುಂದೆ ರಗ್ಗುಗಳು ರಾಶಿ ಬಿದ್ದಿರುವಾಗ ತಿಂಗಳುಗಟ್ಟಲೆ ಕುಳಿತು ಇದನ್ನು ಯಾಕೆ ಹೊಲಿಯುತ್ತಿ ಎಂದು ನಾನು ಪ್ರತಿ ವಾರವೂ ಬುದ್ಧಿ ಹೇಳುತ್ತೇನೆ. ಅವಳು ಪ್ರತಿ ವಾರವೂ ಕೇಳಿಸದಂತೆ ಇರುತ್ತಾಳೆ. ಮನೆಯಲ್ಲಿ ನಮ್ಮ ಮಾತು ದಖ್ಖನಿ, ಆದರೆ ಅಮ್ಮನಿಗೆ ಸಿಟ್ಟು ಬಂದರೆ ಕನ್ನಡ. ಬೈಗುಳಕ್ಕೆ ಅದರಲ್ಲೇ ಜಾಗ ಹೆಚ್ಚು ಅನ್ನುತ್ತಾಳೆ.

ಆ ಶುಕ್ರವಾರ ಚೀಲದಲ್ಲಿ ಚೂರುಗಳ ಜೊತೆ ಗುರುವಾರ ಕೆಟ್ಟ ಪಟ್ಟಿಯನ್ನೂ ನೆರಿಗೆಯ ಹೊಲಿಗೆ ಬಿಚ್ಚಿ ತಂದಿದ್ದೆ, ಬಿಳಿಯ ಬಟ್ಟೆ ಕೌದಿಯ ಅಂಚಿಗಾದರೂ ಆಗಲಿ ಎಂದು. ಅಮ್ಮ ಕಟ್ಟೆಯ ಮೇಲೆ ಕೌದಿ ಹಾಸಿ ಕುಳಿತಿದ್ದಳು. ಅವಳ ಹೊಲಿಗೆಯನ್ನು ನೀವು ನೋಡಬೇಕು. ಕೂರಿಗೆ ಹೂಡಿ ಬಿತ್ತಿದ ಹೊಲದ ಹಾಗೆ ಸಾಲಿನ ಪಕ್ಕ ಸಾಲು, ಮೇಲಿನ ಸಾಲಿನ ಒಂದೊಂದು ಟಾಕಿ ಹೊಲಿಗೆಯ ಕೆಳಗೇ ಕೆಳಗಿನ ಸಾಲಿನ ಟಾಕಿ. ನಾನು ಪಕ್ಕದಲ್ಲಿ ಕೂರಲು ಹೋದಾಗ ಬಳೆಗೆ ಎರಡು ಸಾಲಿನ ದಾರದ ತುದಿ ಸಿಕ್ಕಿಕೊಂಡಿತು. ಕೈ ಎತ್ತಿದೆ. ದಾರ ಸರ್ರನೆ ಬಂತು.

"ಎಳೀಬ್ಯಾಡ! ಜಗ್ಗಬ್ಯಾಡ ಬೇ, ಕೈ ಐತೋ ಕೊಡಲಿ ಐತೋ? ದಾರ ಸಡ್ಲ ಇದ್ರನ ಕೌದಿ. ಜಗ್ಗಿದ್ರ ಸುಕ್ಕ ಬೀಳ್ತದ. ಸುಕ್ಕಿನ ಕೌದಿ ಹೊಚಗೊಂಡ್ರ ಯಾರಿಗೆ ನಿದ್ದಿ ಬರ್ತದ?"

ನಾನು ಸುಕ್ಕನ್ನೇ ನೋಡುತ್ತಿದ್ದೆ. ಇನ್ನೂ ಒಂದೇ ಪದರವಿದ್ದ ಅಂಚಿನಲ್ಲಿ ಬಟ್ಟೆ ಎಡಕ್ಕೂ ಬಿದ್ದಿರಲಿಲ್ಲ, ಬಲಕ್ಕೂ ಬಿದ್ದಿರಲಿಲ್ಲ. ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದಂತೆ ಒಂದರ ಪಕ್ಕ ಒಂದು, ಎಲ್ಲ ಒಂದೇ ಅಳತೆಯಲ್ಲಿ, ಎದ್ದು ನಿಂತಿತ್ತು. ಮೊಬೈಲು ತೆಗೆದು ರಾಣಿಯ ಕೊರಳು ನೋಡಿದೆ. ಅದೇ.

"ಅಮ್ಮಾ, ಇನ್ನೊಮ್ಮೆ ಜಗ್ಗಲೇನ?"

"ತಲಿ ಕೆಟ್ಟೈತೇನ?"

ಬಿಳಿ ಪಟ್ಟಿ ಮುಂದಿಟ್ಟು ವಿಷಯ ಹೇಳಿದೆ. ಇದರ ಒಂದು ಅಂಚಿಗೆ ಮೂರು ಸಾಲು ಹಾಕಿಕೊಡು, ಹಾಕಿದ ಮೇಲೆ ಜಗ್ಗಬೇಕು. ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಬಿಟ್ಟಳು. ಇಷ್ಟು ವರ್ಷ ಒಂದು ದಾರವೂ ಜಗ್ಗದಂತೆ ಹೊಲಿದಿದ್ದೇನೆ, ಈಗ ಕೆಡಿಸುವುದಕ್ಕೆಂದೇ ಹೊಲಿಯಲೇ ಎಂದಳು. ಚೌಕಾಶಿಯಲ್ಲಿ ನನ್ನನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿ ಕಡಿಮೆ, ಆದರೆ ಅಮ್ಮನ ಮುಂದೆ ಯಾವ ಮಾತೂ ನಡೆಯಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ನಾಟಕದ ಕತೆ ಹೇಳಿದೆ.

"ತಾಟು ಕಾಣಂಗೇ ಇಲ್ಲೇನು?" ಎಂದಳು ಅಮ್ಮ.

"ಇಲ್ಲ."

"ಅಂಬಲಿ ಕುಡ್ದು ಹೋಳಿಗಿ ಅಂತಾಳ?"

"ಹ್ಞೂಂ."

ಅಮ್ಮನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಬಾಯಿ ನಕ್ಕಿತು. ಸೂಜಿ ಸೆರಗಿನಿಂದ ಹೊರಬಂತು. ನಾನು ಸೀಮೆಸುಣ್ಣದಿಂದ ಗೀಟು ಹಾಕಿಕೊಡಲು ಹೋದರೆ, "ಗೀಟು ಯಾಕ? ನಾ ಕುರುಡಿ ಏನು?" ಎಂದು ಕೈ ತಳ್ಳಿದಳು. ಮಧ್ಯಾಹ್ನದ ಹೊತ್ತಿಗೆ ಮೂರೂ ಸಾಲು ಮುಗಿದವು. ಟಾಕಿಯ ಕೆಳಗೆ ಟಾಕಿ, ಒಂದೂ ತಪ್ಪಿರಲಿಲ್ಲ.

"ಜಗ್ಗು ಇನ್ನ. ನಾ ನೋಡಂಗಿಲ್ಲ," ಎಂದು ಅಮ್ಮ ನನಗೆ ಬೆನ್ನು ತಿರುಗಿಸಿ ಕುಳಿತಳು.

ಮೂರು ದಾರವನ್ನೂ ಒಟ್ಟಿಗೆ ಹಿಡಿದು ಮೆಲ್ಲಗೆ ಎಳೆದೆ. ಹತ್ತು ಮೀಟರಿನ ಪಟ್ಟಿ ಸರಿಯುತ್ತ ಸರಿಯುತ್ತ ಒಂದು ಕೊರಳಿನಷ್ಟಾಯಿತು. ಕೊರಳಪಟ್ಟಿ ಜೋಡಿಸಿ, ಹಿಂದೆ ಹುಕ್ಕು ಹಚ್ಚಿದೆ. ಹುಕ್ಕು ಮಾತ್ರ ನನ್ನದು.

ಸೆಟೆಸಲು ಪೇಟೆಯ ಗಂಜಿಪುಡಿ ತರುತ್ತೇನೆಂದರೆ ಅಮ್ಮ ಬಿಡಲಿಲ್ಲ. ಕಾಲುವೆ ನೀರಿಗೆ ಭತ್ತ ಬೆಳೆಯುವ ಊರಲ್ಲಿ ಕುಳಿತು ಗಂಜಿ ಕೊಳ್ಳುವುದೇ? ಅಕ್ಕಿಯನ್ನು ಹೆಚ್ಚು ನೀರಲ್ಲಿ ಬೇಯಿಸಿ, ಗಟ್ಟಿ ಗಂಜಿ ಬಸಿದು, ಬಟ್ಟೆಯಲ್ಲಿ ಸೋಸಿ, ಕಾಲರನ್ನು ಅದರಲ್ಲಿ ಅದ್ದಿದಳು. ಪಕ್ಕದ ಮನೆಯವರು ಎಮ್ಮೆಗೆಂದು ತಂದಿದ್ದ ಜೋಳದ ದಂಟು ನಾಲ್ಕು ಕೇಳಿ ತಂದು, ಮೇಲಿನ ಸಿಪ್ಪೆ ಸುಲಿದು, ಬೆರಳುದ್ದ ತುಂಡು ಮಾಡಿ ಒಂದೊಂದು ಮಡಿಕೆಯೊಳಗೂ ಒಂದೊಂದು ತೂರಿಸಿದೆವು. ಮಡಿಕೆ ಒಣಗುವ ತನಕ ದುಂಡಗೆ ನಿಲ್ಲಲಿ ಎಂದು. ಆಮೇಲೆ ಬಿಸಿಲಿಗೆ ಇಟ್ಟೆವು. ನಮ್ಮ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಅಂದು ನಾನು ಬೈಯಲಿಲ್ಲ. ಗಂಜಿಯ ವಾಸನೆಗೆ ಓಣಿಯ ಕೋಳಿಗಳೆಲ್ಲ ಬಂದವು. ಅಮ್ಮ ಕೋಲು ಹಿಡಿದು ಕಾಲರಿನ ಪಕ್ಕದಲ್ಲೇ ಕುಳಿತಳು. ಸಂಜೆ ದಂಟು ತೆಗೆದು ಬೆರಳಿಂದ ತಟ್ಟಿದರೆ ಹಪ್ಪಳದ ಸದ್ದು ಬಂತು.

ಇಷ್ಟು ಮಾಡಿದ ಮೇಲೆ ಒಯ್ಯುವುದು ಹೇಗೆ ಎಂದು ಇಬ್ಬರೂ ಯೋಚಿಸಿಯೇ ಇರಲಿಲ್ಲ. ಚೀಲಕ್ಕೆ ಹಾಕಿದರೆ ಮುರಿಯುತ್ತದೆ. ರಾತ್ರಿ ಅಮ್ಮನ ಮನೆಯಲ್ಲೇ ಉಳಿದು, ಶನಿವಾರ ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತುವಾಗ ಕೈಯಲ್ಲಿ ಹಿಡಿದಿದ್ದೆ. ಒಳಗೆ ಕಾಲಿಡಲೂ ಜಾಗವಿಲ್ಲ. ಯಾರದೋ ಮೊಣಕೈ ತಾಗುವ ಮೊದಲು ನನಗೆ ಉಳಿದ ದಾರಿ ಒಂದೇ. ಕಾಲರನ್ನು ನನ್ನ ಕೊರಳಿಗೇ ಹಾಕಿಕೊಂಡು ಹುಕ್ಕು ಹಾಕಿಬಿಟ್ಟೆ. ಸುತ್ತಲಿನವರು ತಾವಾಗಿಯೇ ಒಂದು ಮೊಳ ಸರಿದರು.

"ಏನ್ರೀ ಇದು, ಕೊಳ್ಳಾಗ ಛತ್ರಿ?" ಎಂದರು ಕಂಡಕ್ಟರು.

"ಕಾಲರ್ ರೀ."

"ಇದಕ್ಕೂ ಒಂದು ಟಿಕೆಟ್ ಹರೀಬೇಕಲ್ರೀ. ಆಧಾರ್ ತೋರಸ್ರಿ."

ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಕಾರ್ಡು ತೋರಿಸಬೇಕು. ಕಾರ್ಡು ಚೀಲದಲ್ಲಿದೆ, ಚೀಲ ಸೊಂಟದಲ್ಲಿದೆ. ಕೆಳಗೆ ನೋಡಿದೆ. ಬೆಳ್ಳನೆಯ ಕಾಲರ್ ಬಿಟ್ಟು ಏನೂ ಕಾಣಲಿಲ್ಲ. ಕೈ ಹಾಕಿ ತಡಕಿದೆ. ಅಳತೆಯ ಟೇಪು ಬಂತು, ಬಾಚಣಿಗೆ ಬಂತು. ಮತ್ತೆ ಕೈ ಹಾಕಿ, ಇದೇ ಇರಬೇಕೆಂದು ಎತ್ತಿ ಹಿಡಿದೆ.

ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು. "ಯವ್ವಾ, ಅದು ರೊಟ್ಟಿ! ರೊಟ್ಟಿ ತೋರಿಸಿದ್ರ ಲಿಂಗಸುಗೂರಿಗೆ ಬಿಡಂಗಿಲ್ಲ!"

ಬಸ್ಸೆಲ್ಲ ನಕ್ಕಿತು. ಅಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಎತ್ತಿಹಿಡಿದೇ ನಿಂತೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನಾಟಕ ನಡೆಯುತ್ತದೆ ಎಂದು ನನಗೆ ಅಲ್ಲಿಯೇ ಗೊತ್ತಾಯಿತು. ಕೊನೆಗೆ ಅಜ್ಜಿಯೇ ಕಾರ್ಡು ಹುಡುಕಿ ಕೊಟ್ಟಳು. ಕಂಡಕ್ಟರು ಅದನ್ನು ನೋಡಿ, "ಇದರಾಗ ಕಾಲರ್ ಇಲ್ಲಲ್ರೀ, ನೀವಾ ಅಂತ ಹೆಂಗ ನಂಬಲಿ?" ಎಂದು ಇನ್ನೊಂದು ಸಲ ನಗಿಸಿದರು.

ಹುಡುಗಿ ಕಾಲೇಜಿನ ಗೇಟಿನಲ್ಲೇ ನಿಂತಿದ್ದಳು. ನಾನು ಕೊರಳಲ್ಲಿ ಕಾಲರ್ ಹಾಕಿಕೊಂಡು ಆಟೋ ಇಳಿದದ್ದನ್ನು ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಸರ್ ಇದ್ದ ಕೋಣೆಗೆ ಹೋದೆವು. ಡ್ಯಾನ್ಸಿನ ಹುಡುಗಿಯರು ಕಿಟಕಿಗೆ ಬಂದರು.

"ಹಾಕ್ಕೊಂಡು ತೋರಿಸವ್ವ," ಎಂದರು ಸರ್. "ಕೂತ್ರ ನಿಂತ್ರ ಬಾಗ್ತದೋ ಏನೋ."

ಹಾಕಿಕೊಂಡಳು. ಕೂತಳು, ನಿಂತಳು, ತಲೆ ತಿರುಗಿಸಿದಳು. ಒಂದು ಮಡಿಕೆಯೂ ಬಾಗಲಿಲ್ಲ. ನಾನು ಮೇಜಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿಟ್ಟು, "ಊಟ ಮಾಡ್ರಿ ರಾಣಿಯವರ," ಎಂದೆ. ಅವಳು ಗಲ್ಲವೆತ್ತಿ, ಗಂಭೀರವಾಗಿ ಕೈ ಚಾಚಿ, ಸರ್ ಅವರ ಡಸ್ಟರ್ ಎತ್ತಿಕೊಂಡು ಬಾಯಿಯ ಹತ್ತಿರ ಒಯ್ದಳು. ಮೊದಲು ನಕ್ಕದ್ದು ಕಿಟಕಿಯಲ್ಲಿದ್ದವರು.

ಸರ್ ನಗುತ್ತಲೇ ಪೆನ್ನು ತೆಗೆದು ಮೇಜಿನ ಮೇಲಿದ್ದ ಕಾರ್ಯಕ್ರಮದ ಹಾಳೆಯಲ್ಲಿ ನಾಟಕದ ಹೆಸರಿನ ಕೆಳಗೆ ಒಂದು ಗೆರೆ ಎಳೆದರು. "ನಾಟಕ ಇರ್ತದ. ಕಾಲರ್ ಹೊಲಿದವ್ರು ಯಾರಮ್ಮಾ, ನೀವೇ?"

ಇಂಥ ಹೊತ್ತಿನಲ್ಲಿ ಅಂಗಡಿಯ ಕಾರ್ಡು ಕೊಡಬೇಕು ಎಂದು ನಾನೇ ಎಲ್ಲರಿಗೂ ಹೇಳುವವಳು. ಕೈ ಚೀಲದ ತನಕ ಹೋಗಿತ್ತು ಕೂಡ.

"ನಮ್ಮ ಅಮ್ಮರೀ. ತುರ್ವಿಹಾಳದಾಗ ಕೌದಿ ಹೊಲೀತಾಳ. ಹುಕ್ಕು ನಂದು," ಎಂದೆ. ಕಾರ್ಡನ್ನು ಆಮೇಲೆ ಕೊಟ್ಟೆ. ಕೊಡದೇ ಬರುವಷ್ಟು ಒಳ್ಳೆಯವಳು ನಾನಲ್ಲ.

ಗ್ಯಾದರಿಂಗಿನ ದಿನ ಅಮ್ಮನನ್ನೂ ಕರೆದುಕೊಂಡು ಹೋದೆ. ಲಿಂಗಸುಗೂರಿನಲ್ಲಿ ಇಳಿದವಳೇ ಪೇಡೆ ಕೊಂಡು ಪೊಟ್ಟಣ ಅವಳ ಕೈಯಲ್ಲಿಟ್ಟೆ.

"ಇದ್ಯಾಕ?"

"ಕಾಲರ್ ಕಲಿತ್ನಲ್ಲ. ಕಲಿಸಿದವರಿಗೆ ಕೊಡಬೇಕು."

"ಹುಚ್ಚಿ," ಎಂದು ಅಮ್ಮ ಒಂದು ಬಾಯಿಗೆ ಹಾಕಿಕೊಂಡಳು. ಒಂದನ್ನು ನನಗೂ ಕೊಟ್ಟಳು. ಅದು ಆರನೆಯದು.

ನಾಟಕದಲ್ಲಿ ರಾಣಿ ಅಂಬಲಿ ಕುಡಿದು ಆಹಾ ಎಂದಾಗ ಸಭೆ ಕುರ್ಚಿ ಬಡಿದು ನಕ್ಕಿತು. ಅಮ್ಮ ಮಾತ್ರ ನಗಲಿಲ್ಲ, ಕಣ್ಣು ಕಿರಿದು ಮಾಡಿ ಕಾಲರನ್ನೇ ನೋಡುತ್ತಿದ್ದಳು. "ಎಡಕಿನ ಮೂರನೇ ಮಡಿಕಿ ಸ್ವಲ್ಪ ಮ್ಯಾಲೆ ಹೋಗ್ಯಾದ ನೋಡು," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮುಗಿದ ಮೇಲೆ ಹುಡುಗಿ ಕಾಲರ್ ತೆಗೆಯದೆಯೇ ನಮ್ಮ ಹತ್ತಿರ ಓಡಿಬಂದಳು. ಅಮ್ಮನ ಕಾಲು ಮುಟ್ಟಲು ಬಾಗಿದರೆ ಕಾಲರ್ ಅಡ್ಡ ಬಂತು, ಕಾಲು ಕಾಣದೆ ನನ್ನ ಕಾಲು ಮುಟ್ಟಿದಳು. ಎದ್ದು ಉಸಿರು ಬಿಡದೆ ಹೇಳಿದಳು, ಸರ್ ಇನ್ನೊಂದು ನಾಟಕ ಬರೆಯಲು ಹೇಳಿದ್ದಾರೆ, ಅದರಲ್ಲಿ ಮೂವರು ರಾಣಿಯರು ಬರುತ್ತಾರೆ, ಮೂವರಿಗೂ ಕಾಲರ್ ಬೇಕು.

"ಮೂರಾ?" ಎಂದಳು ಅಮ್ಮ, ಕನ್ನಡದಲ್ಲೇ, ಸಿಟ್ಟಿನಿಂದಲೇ. "ಮೊದ್ಲೇ ಹೇಳಬಾರದೇನ ಬೇ? ದಂಟೆಲ್ಲಾ ಎಮ್ಮಿಗೆ ಹಾಕಿಬಿಟ್ನಿ. ಗಂಜಿ ಹತ್ತಿತ್ತಂತ ಅದೂ ಹೋಳಿಗಿ ತಿಂದಂಗ ತಿಂತು."